ಇಂಗ್ಲಿಷ್ ಅಧ್ಯಾಪನದ ಅರ್ಹತೆ ಪಡೆದ ಬಳಿಕ: ಕನ್ನಡದ ಮಕ್ಕಳಿಗೆ ಮುಂದಿನ ದಾರಿ

ಗಡಿನಾಡಾದ ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಬಳಿಕ ಇಂಗ್ಲಿಷನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಂಡು ಪದವಿ ಪಡೆದು, ಎರಡು ವರ್ಷಗಳ ಬಿ.ಎಡ್. ಶಿಕ್ಷಣವನ್ನೂ ಮುಗಿಸಿ ಮನೆಗೆ ಮರಳುವ ತರುಣ ತರುಣಿಯರು ನಮ್ಮ ನಡುವೆ ಇದ್ದಾರೆ. ಕೈಯಲ್ಲಿ ಅರ್ಹತಾಪತ್ರವಿದೆ, ಮುಂದೇನು ಎಂಬ ಪ್ರಶ್ನೆಗೆ ಮಾತ್ರ ಸ್ಪಷ್ಟವಾದ ಉತ್ತರವಿಲ್ಲ. ಮನೆಯ ಹಿರಿಯರು ಸರಕಾರಿ ನೌಕರಿಯ ಮಾತನ್ನಾಡುತ್ತಾರೆ, ನೆರೆಮನೆಯವರು ಗಲ್ಫ್ ದೇಶದತ್ತ ಬೆರಳು ತೋರಿಸುತ್ತಾರೆ. ಅಭ್ಯರ್ಥಿಯ ಮನಸ್ಸಿನಲ್ಲಿಯೋ ಬೇರೊಂದು ಅಳುಕು: 'ಇಂಗ್ಲಿಷ್ ನನ್ನ ಮನೆಮಾತಲ್ಲ, ಅದನ್ನು ಇನ್ನೊಬ್ಬರಿಗೆ ಕಲಿಸುವ ಅಧಿಕಾರ ನನಗೆಷ್ಟು?'

ಮೊದಲು ಈ ಅಳುಕಿನ ವಿಚಾರವನ್ನೇ ಪರಿಶೀಲಿಸುವುದು ಯುಕ್ತ. ಅದು ಬಗೆಹರಿಯದೆ ಮುಂದಿನ ಯಾವ ಯೋಜನೆಯೂ ನೆಲೆಯೂರಲಾರದು.

ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈಗಳ ಮನೆಮಾತು ಕೊಂಕಣಿ. ಪೆರಡಾಲದ ಕಯ್ಯಾರ ಕಿಞ್ಞಣ್ಣ ರೈಗಳ ಮನೆಮಾತು ತುಳು. ಬೇಂದ್ರೆಯವರದು ಮರಾಠಿ, ಮಾಸ್ತಿಯವರದು ತಮಿಳು. ಇವರು ಕನ್ನಡದ ಅಧಿಕಾರಿಗಳಲ್ಲವೆಂದು ಯಾರೂ ಹೇಳಿದ್ದಿಲ್ಲ. ಮನೆಮಾತಲ್ಲದ ನುಡಿಯನ್ನು ತನ್ನದಾಗಿಸಿಕೊಂಡು ಅದನ್ನು ಬೆಳಗಿಸುವ ಪರಂಪರೆ ಹೊರಗಿನಿಂದ ಬಂದುದಲ್ಲ, ನಮ್ಮ ಮಣ್ಣಿನದೇ. ಇಂಗ್ಲಿಷಿನ ವಿಷಯದಲ್ಲಿಯೂ ಹಾಗೆಯೇ. 1926ರಲ್ಲಿ 'ಇಂಗ್ಲಿಷ್ ಗೀತಗಳು' ಸಂಕಲನವನ್ನು ಪ್ರಕಟಿಸಿದ ಬಿ.ಎಂ. ಶ್ರೀಕಂಠಯ್ಯನವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದರು. ಗೋಕಾಕ, ಅಡಿಗ, ಅನಂತಮೂರ್ತಿ ಇವರೆಲ್ಲರೂ ಇಂಗ್ಲಿಷ್ ಪಾಠ ಹೇಳಿ ಜೀವನ ನಡೆಸಿದವರು. ಗೋಕಾಕರಂತೂ ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರೇ ಆಗಿದ್ದರು.

ವಿದ್ವತ್ ಪ್ರಪಂಚವೂ ಕಳೆದ ನಾಲ್ಕು ದಶಕಗಳಲ್ಲಿ ಇದೇ ಕಡೆಗೆ ತಿರುಗಿದೆ. ಕಾಶ್ಮೀರ ಮೂಲದ ಭಾಷಾವಿಜ್ಞಾನಿ ಬ್ರಜ್ ಕಚ್ರು ಅವರು 1985ರಲ್ಲಿ ಇಂಗ್ಲಿಷನ್ನು ಮೂರು ವೃತ್ತಗಳಾಗಿ ವಿಂಗಡಿಸಿ, ಭಾರತದಂತಹ ದೇಶಗಳ ಇಂಗ್ಲಿಷಿಗೆ ತನ್ನದೇ ಆದ ಸ್ಥಾನವುಂಟೆಂದು ಪ್ರತಿಪಾದಿಸಿದರು. ರಾಬರ್ಟ್ ಫಿಲಿಪ್ಸನ್ ಅವರು 1992ರಲ್ಲಿ, ಇಂಗ್ಲಿಷ್ ಮನೆಮಾತಿನವನೇ ಆದರ್ಶ ಶಿಕ್ಷಕನೆಂಬ ನಂಬಿಕೆಯನ್ನು ಮಿಥ್ಯೆಯೆಂದು ಕರೆದರು. ಹಂಗೇರಿಯ ಪೀಟರ್ ಮೆಡ್ಜೆಸ್ 1994ರಲ್ಲಿ ಇಂತಹ ಅಧ್ಯಾಪಕರ ಕುರಿತೇ ಒಂದು ಪುಸ್ತಕ ಬರೆದರು. ಒಂದು ಭಾಷೆಯನ್ನು ಕಷ್ಟಪಟ್ಟು ಕಲಿತವನಿಗೆ ಅದರ ಕಲ್ಲುಮುಳ್ಳುಗಳು ಎಲ್ಲಿವೆಯೆಂದು ಗೊತ್ತಿರುತ್ತದೆ, ಕಲಿಯುವವನಿಗೆ ಅವನೇ ಹತ್ತಿರದ ಮಾದರಿ ಎಂಬುದು ಅವರ ವಾದದ ತಿರುಳು. ಟೀಸೋಲ್ ಎಂಬ ಅಂತಾರಾಷ್ಟ್ರೀಯ ಅಧ್ಯಾಪಕ ಸಂಘಟನೆ 1991ರಲ್ಲಿಯೂ ಮತ್ತೆ 2006ರಲ್ಲಿಯೂ ಮನೆಮಾತಿನ ಆಧಾರದಲ್ಲಿ ತಾರತಮ್ಯ ಸಲ್ಲದೆಂದು ಹೇಳಿಕೆ ಹೊರಡಿಸಿತು. ಅಷ್ಟಾದರೂ ಕೆಲವು ದೇಶಗಳ ಜಾಹೀರಾತುಗಳಲ್ಲಿ ಹಳೆಯ ನಂಬಿಕೆ ಇನ್ನೂ ಬದುಕಿದೆ. ಆ ವಿಚಾರ ಮುಂದೆ ಬರಲಿದೆ.

ತರಗತಿಯೇ ಮೊದಲ ಪಾಠಶಾಲೆ

ನಮ್ಮ ಜಿಲ್ಲೆಯ ಒಂದು ವಿಶೇಷ ಪರಿಸ್ಥಿತಿಯನ್ನು ಇಲ್ಲಿ ಹೇಳಲೇಬೇಕು. ಹೈಸ್ಕೂಲಿನ ಗಣಿತ, ವಿಜ್ಞಾನ, ಸಮಾಜವಿಜ್ಞಾನ ಹುದ್ದೆಗಳಿಗೆ ಕೇರಳ ಲೋಕಸೇವಾ ಆಯೋಗವು 'ಕನ್ನಡ ಮಾಧ್ಯಮ' ಎಂಬ ವಿಶೇಷಣದೊಂದಿಗೆ ಪ್ರತ್ಯೇಕ ಅಧಿಸೂಚನೆ ಹೊರಡಿಸುವುದುಂಟು. ಇಂಗ್ಲಿಷಿಗೆ ಅಂತಹ ವಾಡಿಕೆಯಿಲ್ಲ. ಇಂಗ್ಲಿಷನ್ನು ಇಂಗ್ಲಿಷಿನಲ್ಲಿಯೇ ಕಲಿಸಬೇಕಷ್ಟೆ, ಅದಕ್ಕೆ ಕನ್ನಡವೇಕೆ ಎಂಬುದು ಅದರ ಹಿಂದಿನ ತರ್ಕವಿರಬಹುದು. ಆದರೆ ತರಗತಿಯಲ್ಲಿ ನಡೆಯುವುದೇ ಬೇರೆ. ಕನ್ನಡವರಿಯದ ಅಧ್ಯಾಪಕರು ಎಷ್ಟೇ ಶ್ರದ್ಧಾವಂತರಾಗಿದ್ದರೂ, ಹಿಂದಿನ ಬೆಂಚಿನ ಮಗು ತಪ್ಪಿದಾಗ ಯಾಕೆ ತಪ್ಪಿತೆಂಬುದು ಅವರಿಗೆ ಹೊಳೆಯುವುದು ಕಷ್ಟ. ವಿವರಣೆ ಮಲೆಯಾಳಕ್ಕೆ ಹೊರಳುತ್ತದೆ, ಮಗು ಮೌನವಾಗುತ್ತದೆ. ಇಂಗ್ಲಿಷ್ ಬರಲಿಲ್ಲವೆಂಬ ಒಂದೇ ಕಾರಣಕ್ಕೆ ಹೆತ್ತವರು ಆ ಮಗುವನ್ನು ಆಂಗ್ಲ ಮಾಧ್ಯಮಕ್ಕೆ ಸೇರಿಸುತ್ತಾರೆ. ಜೂನ್ ತಿಂಗಳಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನ ಎಣಿಸುವ ತಲೆಗಳ ಮೇಲೆ ಹುದ್ದೆಗಳ ನಿರ್ಣಯವಾಗುವುದೆಂಬುದು ಶಾಲೆಯ ಒಳಗಿನವರಿಗೆಲ್ಲ ಗೊತ್ತಿರುವ ಸಂಗತಿ. ಹೀಗೆ ಕನ್ನಡ ಶಾಲೆಯ ಉಳಿವು ಅಲ್ಲಿನ ಕನ್ನಡ ಪಾಠದಷ್ಟೇ ಇಂಗ್ಲಿಷ್ ಪಾಠವನ್ನೂ ಅವಲಂಬಿಸಿದೆ. ಇದು ವಿಚಿತ್ರವೆನಿಸಿದರೂ ಸತ್ಯ. ಆದುದರಿಂದ ಕನ್ನಡ ಬಲ್ಲ ಇಂಗ್ಲಿಷ್ ಅಧ್ಯಾಪಕನ ಮುಂದಿನ ಹೆಜ್ಜೆ ಅವನ ಸ್ವಂತ ವಿಚಾರವಷ್ಟೇ ಅಲ್ಲ.

ಕನ್ನಡ ಬಲ್ಲವನಿಗೆ ಇರುವ ಅನುಕೂಲ ಯಾವುದು? ಕೆಲವು ಉದಾಹರಣೆಗಳಿಂದ ಅದು ಸ್ಪಷ್ಟವಾದೀತು.

'ನನಗೆ ಮೂವರು ಅಣ್ಣಂದಿರಿದ್ದಾರೆ' ಎಂಬುದನ್ನು ಮಗು 'ಟು ಮೀ ಥ್ರೀ ಬ್ರದರ್ಸ್ ಆರ್ ದೇರ್' ಎಂದು ಬರೆಯುತ್ತದೆ. ಇದು ಅಜ್ಞಾನವಲ್ಲ, ವ್ಯಾಕರಣ. ಕನ್ನಡದ ಚತುರ್ಥಿ ವಿಭಕ್ತಿಯನ್ನು ನಿಷ್ಠೆಯಿಂದ ಸಾಗಿಸಿದ ಫಲ. ಕನ್ನಡದಲ್ಲಿ ಹಸಿವು, ಜ್ವರ, ಇಷ್ಟ, ಅಣ್ಣತಮ್ಮಂದಿರು ಎಲ್ಲವೂ 'ನನಗೆ' ಇರುತ್ತವೆ; ಇಂಗ್ಲಿಷಿನಲ್ಲಿ ಆ 'ನನಗೆ' ಎಂಬುದು 'ನಾನು' ಆಗಿ ಕರ್ತೃಸ್ಥಾನದಲ್ಲಿ ಕೂರಬೇಕು. ಈ ಒಂದು ಮಾತನ್ನು ಹೇಳಿಕೊಟ್ಟರೆ ಹತ್ತು ತಪ್ಪುಗಳು ಒಟ್ಟಿಗೆ ಹೋಗುತ್ತವೆ.

'ಎ' ಮತ್ತು 'ದ' ಎಂಬ ಉಪಪದಗಳು ಕನ್ನಡದಲ್ಲಿಲ್ಲವೆಂದು ನಾವೆಲ್ಲ ಹೇಳುತ್ತೇವೆ. ಆದರೆ ಅವುಗಳ ಕೆಲಸ ಕನ್ನಡದಲ್ಲಿ ನಡೆಯುವುದಿಲ್ಲವೆ? 'ಪುಸ್ತಕ ತಂದೆ' ಎಂದರೆ ಯಾವುದೋ ಪುಸ್ತಕ. 'ಪುಸ್ತಕವನ್ನು ತಂದೆ' ಎಂದರೆ ಕೇಳುವವನಿಗೆ ಪರಿಚಯವಿರುವ ಪುಸ್ತಕವೆಂಬ ಧ್ವನಿ ಸಾಮಾನ್ಯವಾಗಿ ಬರುತ್ತದೆ. ದ್ವಿತೀಯಾ ಪ್ರತ್ಯಯವು ಇಲ್ಲಿ ಹೆಚ್ಚುಕಡಿಮೆ 'ದ' ಮಾಡುವ ಕೆಲಸವನ್ನೇ ಮಾಡುತ್ತಿದೆ. ಎಲ್ಲ ಕಡೆಯೂ ಇದು ಒಪ್ಪುವುದಿಲ್ಲ. ಆದರೂ ಎಂಟನೆಯ ತರಗತಿಯ ಮಗುವಿಗೆ ಹತ್ತಲು ಇದಕ್ಕಿಂತ ಒಳ್ಳೆಯ ಮೆಟ್ಟಿಲು ಕಾಣೆ. ಇಂಗ್ಲೆಂಡಿನಿಂದ ಬಂದ ಅಧ್ಯಾಪಕನಿಗೆ ಈ ಮೆಟ್ಟಿಲು ಕಣ್ಣಿಗೆ ಬೀಳಲಾರದು.

ವಾಕ್ಯದ ನಡಿಗೆಯೂ ವಿರುದ್ಧ. 'ನಿನ್ನೆ ಪೇಟೆಯಿಂದ ಬಂದ ಹುಡುಗ' ಎನ್ನುವಾಗ ವಿಶೇಷಣವೆಲ್ಲ ಮುಂದೆ, ಹುಡುಗ ಕೊನೆಗೆ. ಇಂಗ್ಲಿಷಿನಲ್ಲಿ 'ದ ಬಾಯ್' ಮೊದಲು, ಅವನ ಕಥೆ ಅನಂತರ. ಪಠ್ಯಪುಸ್ತಕದ ಉದ್ದನೆಯ ವಾಕ್ಯಗಳಲ್ಲಿ ನಮ್ಮ ಮಕ್ಕಳು ದಾರಿ ತಪ್ಪುವುದು ಹೆಚ್ಚಾಗಿ ಈ ತಿರುವಿನಲ್ಲಿಯೇ. ಕಪ್ಪುಹಲಗೆಯ ಮೇಲೆ ಎರಡು ವಾಕ್ಯಗಳನ್ನೂ ಬರೆದು, 'ಹುಡುಗ'ನಿಂದ 'ಬಾಯ್'ಗೆ ಒಂದು ಗೆರೆ ಎಳೆದು ತೋರಿಸಿದರೆ ಐದು ನಿಮಿಷದಲ್ಲಿ ವಿಷಯ ಮನದಟ್ಟಾಗುತ್ತದೆ.

ಉಚ್ಚಾರಣೆಯಲ್ಲಿ ನಮ್ಮ ಲಿಪಿಯೇ ನಮಗೆ ತೊಡಕು. ಪಡುವಣ ದಿಕ್ಕಿನ ಇಂಗ್ಲಿಷ್ ಹೆಸರನ್ನೂ ಒಳಂಗಿಯ ಇಂಗ್ಲಿಷ್ ಹೆಸರನ್ನೂ ನಾವು 'ವೆಸ್ಟ್' ಎಂದೇ ಬರೆಯುತ್ತೇವೆ, ಹಾಗೆಯೇ ಓದುತ್ತೇವೆ. ದಿಕ್ಕಿಗೆ ತುಟಿಗಳನ್ನು ದುಂಡಗೆ ಮಾಡಬೇಕು. ಒಳಂಗಿಗೆ ಮೇಲುಹಲ್ಲು ಕೆಳತುಟಿಯನ್ನು ಮುಟ್ಟಬೇಕು. 'ಎಗ್' ಎಂಬುದು 'ಯೆಗ್' ಆಗುವುದು, 'ಓನ್ಲಿ' ಎಂಬುದು 'ವೋನ್ಲಿ' ಆಗುವುದು, 'ಬಸ್' ಎಂಬುದು 'ಬಸ್ಸು' ಆಗುವುದು ಕನ್ನಡದ ಸ್ವಭಾವಕ್ಕೆ ಸಹಜವಾದ ಮಾರ್ಪಾಡುಗಳು. ಇವೆಲ್ಲಕ್ಕಿಂತ ಮುಖ್ಯವಾದುದು ಒತ್ತು. ಕನ್ನಡದಲ್ಲಿ ಒತ್ತಿನಿಂದ ಅರ್ಥ ಬದಲಾಗದು. ಇಂಗ್ಲಿಷಿನಲ್ಲಿ ಒತ್ತು ಜಾರಿದರೆ ಪದವೇ ಕೇಳುಗನಿಗೆ ಗುರುತು ಸಿಗದೆ ಹೋಗುತ್ತದೆ. ಹೊಸ ಅಧ್ಯಾಪಕನು ಲಂಡನ್ನಿನ ದನಿಯನ್ನು ಅನುಕರಿಸುವ ಶ್ರಮ ಬಿಟ್ಟು, ನಿಘಂಟಿನಲ್ಲಿ ಒತ್ತಿನ ಗುರುತನ್ನು ನೋಡಿ ಓದುವ ಅಭ್ಯಾಸ ಮಾಡಿಕೊಂಡರೆ ಹೆಚ್ಚಿನ ಪ್ರಯೋಜನ.

ನಮ್ಮ ತರಗತಿಗಳಲ್ಲಿ ಇನ್ನೊಂದು ಸಂಪತ್ತಿದೆ. ತುಳು, ಕೊಂಕಣಿ, ಹವ್ಯಕ, ಬ್ಯಾರಿ, ಮರಾಠಿ, ಮಲೆಯಾಳ ಮನೆಮಾತಿನ ಮಕ್ಕಳು ಕನ್ನಡದಲ್ಲಿ ಓದುತ್ತಿದ್ದಾರೆ. ಹತ್ತು ವರ್ಷ ತುಂಬುವ ಮೊದಲೇ ಎರಡು ಮೂರು ನುಡಿಗಳನ್ನು ದಾಟಿ ಬಂದವರಿಗೆ ಮತ್ತೊಂದು ನುಡಿ ಭಾರವಾಗಬೇಕಿಲ್ಲ.

ಇಷ್ಟು ಹೇಳಿದುದರಿಂದ ಇಂಗ್ಲಿಷ್ ಪಾಠವನ್ನೆಲ್ಲ ಕನ್ನಡದಲ್ಲಿ ನಡೆಸಬಹುದೆಂದು ಯಾರೂ ಭಾವಿಸಬಾರದು. ಅಧ್ಯಾಪಕರು ಸಾಲುಸಾಲಾಗಿ ಕನ್ನಡದಲ್ಲಿ ಅರ್ಥ ಹೇಳಿ, ಪ್ರಶ್ನೋತ್ತರಗಳನ್ನು ಹಲಗೆಯ ಮೇಲೆ ಬರೆದು, ಮಕ್ಕಳು ಅದನ್ನು ನಕಲು ಮಾಡುವ ಪದ್ಧತಿ ನಮ್ಮ ಕಡೆ ಬಹಳ ಕಾಲ ನಡೆದು ಬಂದಿದೆ. ಅದರಿಂದ ಪರೀಕ್ಷೆ ದಾಟಬಹುದು, ಭಾಷೆ ಬಾರದು. ಕನ್ನಡವು ಏಣಿ, ಹತ್ತಿದ ಮೇಲೆ ಅದನ್ನು ಬದಿಗಿಡಬೇಕು. ಈ ವಿಷಯದಲ್ಲಿ ಕನ್ನಡನಾಡಿಗೆ ಹೆಮ್ಮೆಯೆನಿಸುವ ಒಂದು ಪ್ರಯೋಗವಿದೆ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರ ನೇತೃತ್ವದಲ್ಲಿ ಬೆಂಗಳೂರು, ಮದ್ರಾಸು ಮೊದಲಾದೆಡೆಗಳ ಶಾಲೆಗಳಲ್ಲಿ ನಡೆದ ಈ ಯೋಜನೆ 'ಬೆಂಗಳೂರು ಪ್ರಾಜೆಕ್ಟ್' ಎಂದೇ ಜಗತ್ತಿನ ಭಾಷಾಶಿಕ್ಷಣದ ಗ್ರಂಥಗಳಲ್ಲಿ ಹೆಸರಾಗಿದೆ. ಅಲ್ಲಿ ವ್ಯಾಕರಣದ ಪಾಠವಿರಲಿಲ್ಲ. ರೈಲಿನ ವೇಳಾಪಟ್ಟಿ, ನಕ್ಷೆ ಇಂತಹವನ್ನು ಕೊಟ್ಟು, ಮಕ್ಕಳು ತಲೆ ಓಡಿಸಿ ಉತ್ತರ ಕಂಡುಹಿಡಿಯಬೇಕಾದ ಕೆಲಸಗಳನ್ನು ಇಂಗ್ಲಿಷಿನಲ್ಲಿ ಮಾಡಿಸುತ್ತಿದ್ದರು. ಅರ್ಥದ ಕಡೆ ಮನಸ್ಸು ನೆಟ್ಟಿರುವಾಗ ರೂಪವು ತಾನಾಗಿ ಒಳಗಿಳಿಯುತ್ತದೆಂಬುದು ಅವರ ನಿಲುವು. 1987ರಲ್ಲಿ ಪ್ರಭು ಅವರು ಇದನ್ನು ಪುಸ್ತಕರೂಪದಲ್ಲಿ ವಿವರಿಸಿದರು. ಬಿ.ಎಡ್. ಮುಗಿಸಿದವರು ಕೊಂಡು ಓದಲೇಬೇಕಾದ ಒಂದು ಪುಸ್ತಕವಿದ್ದರೆ ಅದು ಇದೇ ಎಂಬುದು ನನ್ನ ಅಭಿಪ್ರಾಯ. ಕಾಸರಗೋಡು ನಿಲ್ದಾಣದ ವೇಳಾಪಟ್ಟಿಯನ್ನೇ ತೆಗೆದುಕೊಂಡು ಇಂತಹ ಒಂದು ಪಾಠವನ್ನು ನಾಳೆಯೇ ಆರಂಭಿಸಬಹುದು. ಸರಕಾರದ ಆದೇಶಕ್ಕೆ ಕಾಯಬೇಕಾಗಿಲ್ಲ.

ನೌಕರಿಯ ಮೆಟ್ಟಿಲುಗಳು

ಇನ್ನು ಹೊಟ್ಟೆಪಾಡಿನ ವಿಚಾರ. ಕೇರಳದಲ್ಲಿ ಅಧ್ಯಾಪಕ ಅರ್ಹತಾ ಪರೀಕ್ಷೆಯಾದ ಕೆ-ಟೆಟ್ ತೇರ್ಗಡೆಯಾಗುವುದು ಮೊದಲ ಕೆಲಸ. ಅಪ್ಪರ್ ಪ್ರೈಮರಿಗೆ ಎರಡನೆಯ ವಿಭಾಗ, ಹೈಸ್ಕೂಲಿಗೆ ಮೂರನೆಯ ವಿಭಾಗ. 150 ಅಂಕಗಳಲ್ಲಿ ಸಾಮಾನ್ಯ ವರ್ಗದವರಿಗೆ 90 ಬೇಕು. ಮೀಸಲು ವರ್ಗಗಳಿಗೆ ರಿಯಾಯಿತಿಯುಂಟು. ಟೆಟ್ ಪ್ರಮಾಣಪತ್ರದ ಏಳು ವರ್ಷಗಳ ಗಡುವನ್ನು 2021ರಲ್ಲಿ ತೆಗೆದು ಆಜೀವ ಮಾನ್ಯತೆ ನೀಡಿರುವುದರಿಂದ, ಓದಿನ ಬಿಸಿ ಆರುವ ಮೊದಲೇ ಇದನ್ನು ಮುಗಿಸಿಕೊಳ್ಳುವುದು ಜಾಣತನ. ಒಂದರಿಂದ ಎಂಟನೆಯ ತರಗತಿಯವರೆಗೆ ಕಲಿಸುವ, ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿರುವ ಹಳೆಯ ಅಧ್ಯಾಪಕರೂ ಟೆಟ್ ಪಾಸಾಗಬೇಕೆಂದು ಸರ್ವೋಚ್ಚ ನ್ಯಾಯಾಲಯವು 2025ರ ಸೆಪ್ಟೆಂಬರಿನಲ್ಲಿ ತೀರ್ಪಿತ್ತುದನ್ನು ಗಮನಿಸಿದರೆ, ಈ ಪರೀಕ್ಷೆಯನ್ನು ಕಡೆಗಣಿಸುವ ಕಾಲ ಮುಗಿಯಿತೆಂದೇ ತಿಳಿಯಬೇಕು.

ಲೋಕಸೇವಾ ಆಯೋಗದ 'ತುಳಸಿ' ಎಂಬ ಜಾಲತಾಣದಲ್ಲಿ ಒಮ್ಮೆ ನೋಂದಣಿ ಮಾಡಿಕೊಂಡರೆ ಅನಂತರದ ಅಧಿಸೂಚನೆಗಳಿಗೆಲ್ಲ ಅದರ ಮೂಲಕವೇ ಅರ್ಜಿ ಹಾಕಬಹುದು. ಉದ್ಯೋಗ ವಿನಿಮಯ ಕೇಂದ್ರದ ನೋಂದಣಿಯನ್ನು ಮೂರು ವರ್ಷಗಳಿಗೊಮ್ಮೆ ನವೀಕರಿಸಲು ಮರೆಯಬಾರದು. ಇಂಗ್ಲಿಷ್ ಎಂ.ಎ. ಮಾಡಿದವರಿಗೆ ಹೈಯರ್ ಸೆಕೆಂಡರಿಯ ಬಾಗಿಲು ತೆರೆಯುತ್ತದೆ, ಅದಕ್ಕೆ ಬಿ.ಎಡ್. ಜೊತೆಗೆ ತಿರುವನಂತಪುರದ ಎಲ್.ಬಿ.ಎಸ್. ಕೇಂದ್ರ ನಡೆಸುವ 'ಸೆಟ್' ಪರೀಕ್ಷೆ ಅಗತ್ಯ. ಕಾಲೇಜಿನ ಅಧ್ಯಾಪನಕ್ಕೆ ಯು.ಜಿ.ಸಿ.ಯ 'ನೆಟ್'. 2009ರಲ್ಲಿ ಸ್ಥಾಪನೆಗೊಂಡ ಕೇರಳ ಕೇಂದ್ರೀಯ ವಿಶ್ವವಿದ್ಯಾನಿಲಯವು ನಮ್ಮ ಜಿಲ್ಲೆಯ ಪೆರಿಯದಲ್ಲಿಯೇ ಇದ್ದು, ಅಲ್ಲಿ ಇಂಗ್ಲಿಷ್ ಮತ್ತು ತೌಲನಿಕ ಸಾಹಿತ್ಯದ ವಿಭಾಗವಿದೆ. ಎಂ.ಎ. ಓದಲು ದೂರದ ಪಟ್ಟಣಕ್ಕೆ ಹೋಗಿ ಬಾಡಿಗೆ ಕೋಣೆ ಹಿಡಿಯಬೇಕಾದ ಕಾಲ ಈಗಿಲ್ಲ. ಕೇಂದ್ರೀಯ ವಿದ್ಯಾಲಯಗಳ ಕಡೆ ಕಣ್ಣಿರುವವರು ಸಿ-ಟೆಟ್ ಬರೆಯಬೇಕು.

ಆಯೋಗದ ರ್‍ಯಾಂಕ್ ಪಟ್ಟಿ ಹೊರಡುವವರೆಗೆ ಏನು ಮಾಡಬೇಕು? ಎರಡು ಮೂರು ವರ್ಷ ತರಬೇತಿ ಕೇಂದ್ರದ ಬೆಂಚಿನಲ್ಲಿಯೇ ಕುಳಿತಿರುವುದು ನನಗೆ ಸರಿಯೆನಿಸದು. ಮೇ ಕೊನೆಯಲ್ಲಿ, ಜೂನ್ ಆರಂಭದಲ್ಲಿ ಶಾಲೆಗಳಲ್ಲಿ ದಿನವೇತನದ ಹುದ್ದೆಗಳಿಗೆ ಸಂದರ್ಶನ ನಡೆಯುತ್ತದೆ. ವೇತನ ಅಲ್ಪವಾದರೂ ಕನ್ನಡ ಮಾಧ್ಯಮದ ಒಂದು ಶಾಲೆಯಲ್ಲಿ ಒಂದು ವರ್ಷ ನಿಂತು ಕಲಿಸಿದರೆ, ಬಿ.ಎಡ್.ನ ಬೋಧನಾಭ್ಯಾಸದಲ್ಲಿ ದೊರೆಯದ ಅನುಭವ ದೊರೆಯುತ್ತದೆ. ಅನುದಾನಿತ ಶಾಲೆಗಳ ವಿಚಾರದಲ್ಲಿ ಹೆತ್ತವರಿಗೆ ಒಂದು ಮಾತು. ಹುದ್ದೆಗಾಗಿ ದೊಡ್ಡ ಮೊತ್ತ ಕೇಳುವ ರೂಢಿ ಕೆಲವೆಡೆ ಇದೆ ಎಂಬುದು ಗುಟ್ಟಲ್ಲ. ಮಕ್ಕಳ ಸಂಖ್ಯೆ ಇಳಿದರೆ ಆ ಹುದ್ದೆಯೇ ಉಳಿಯದೆ ಹೋಗಬಹುದು. ಅಂಥದಕ್ಕಾಗಿ ಅಡಿಕೆ ತೋಟವನ್ನು ಅಡವಿಡುವ ಮುನ್ನ ಆ ಶಾಲೆಯ ಕಳೆದ ಐದು ವರ್ಷಗಳ ಹಾಜರಿ ಪುಸ್ತಕವನ್ನು ನೋಡಿ ಬನ್ನಿ.

ಹೆಚ್ಚಿನ ತರಬೇತಿಗೆ ನಮ್ಮ ಹತ್ತಿರದಲ್ಲಿಯೇ ಒಳ್ಳೆಯ ನೆಲೆಗಳಿವೆ. ಬೆಂಗಳೂರಿನ ಜ್ಞಾನಭಾರತಿ ಆವರಣದಲ್ಲಿರುವ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ 1963ರಲ್ಲಿ ದಕ್ಷಿಣದ ರಾಜ್ಯಗಳ ಅಧ್ಯಾಪಕರಿಗಾಗಿಯೇ ಹುಟ್ಟಿದುದು. ಸೇವೆಗೆ ಸೇರಿದ ಬಳಿಕ ಅಲ್ಲಿನ ತರಬೇತಿಗೆ ನಿಯೋಜನೆ ಕೇಳಿ ಪಡೆಯಬೇಕು. ಗೋಕಾಕರಿದ್ದ ಹೈದರಾಬಾದಿನ ಸಂಸ್ಥೆ 1958ರಲ್ಲಿ ಆರಂಭವಾಗಿ, 2007ರಲ್ಲಿ ಇಂಗ್ಲಿಷ್ ಮತ್ತು ವಿದೇಶೀ ಭಾಷೆಗಳ ಕೇಂದ್ರೀಯ ವಿಶ್ವವಿದ್ಯಾನಿಲಯವಾಯಿತು. ಇಂದಿರಾಗಾಂಧಿ ಮುಕ್ತ ವಿಶ್ವವಿದ್ಯಾನಿಲಯದಲ್ಲಿಯೂ ಇಂಗ್ಲಿಷ್ ಬೋಧನೆಯ ಸರ್ಟಿಫಿಕೇಟ್ ಶಿಕ್ಷಣವಿದೆ. ಕೇಂಬ್ರಿಜಿನ 'ಸೆಲ್ಟಾ' ಎಂಬ ಅರ್ಹತೆಯ ಹೆಸರನ್ನು ಹಲವರು ಕೇಳಿರಬಹುದು. ಸುಮಾರು 120 ಗಂಟೆಗಳ ಕಲಿಕೆ, ಅದರಲ್ಲಿ ಪರಿವೀಕ್ಷಕರ ಎದುರು ಆರು ಗಂಟೆಗಳ ಪಾಠ. ಅದು ಉತ್ತಮವಾದ ಶಿಕ್ಷಣವೇ. ಆದರೆ ಶುಲ್ಕ ದುಬಾರಿ, ರೂಪುಗೊಂಡಿರುವುದು ವಯಸ್ಕರಿಗೆ ಕಲಿಸುವವರಿಗಾಗಿ. ಕಾಸರಗೋಡಿನಲ್ಲಿಯೇ ನೆಲೆಸುವವರಿಗೆ ಅದರ ಅಗತ್ಯವಿಲ್ಲ. ವಾರಾಂತ್ಯದಲ್ಲಿ ಮುಗಿದುಹೋಗುವ, ಒಂದೂ ಪಾಠ ಮಾಡಿಸದೆ ಪ್ರಮಾಣಪತ್ರ ಕಳುಹಿಸುವ ಅಂತರ್ಜಾಲದ ಶಿಕ್ಷಣಗಳಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಕಡಲಾಚೆಗೆ ಹೋಗುವವರು

ಗಲ್ಫ್ ದೇಶಗಳಲ್ಲಿ ಸಿ.ಬಿ.ಎಸ್.ಇ. ಪಠ್ಯಕ್ರಮದ ಭಾರತೀಯ ಶಾಲೆಗಳು ಬಹಳ ಇವೆ. ಅಲ್ಲಿಗೆ ಪದವಿ, ಬಿ.ಎಡ್. ಮತ್ತು ಅನುಭವ ಇದ್ದರೆ ಅವಕಾಶವುಂಟು. ಪ್ರಮಾಣಪತ್ರಗಳ ದೃಢೀಕರಣಕ್ಕೆ ನೋರ್ಕಾ ರೂಟ್ಸ್ ಸಂಸ್ಥೆಯ ಕಚೇರಿಯನ್ನು ನೇರವಾಗಿ ಸಂಪರ್ಕಿಸಿದರೆ ದಲ್ಲಾಳಿಗಳ ಗೊಡವೆ ತಪ್ಪುತ್ತದೆ. ಇತರ ದೇಶಗಳ ಬಾಗಿಲು ಇಷ್ಟು ಸರಾಗವಲ್ಲ. ದಕ್ಷಿಣ ಕೊರಿಯದ ಇಂಗ್ಲಿಷ್ ಶಿಕ್ಷಕರ ವೀಸಾ ಮುಖ್ಯವಾಗಿ ಏಳು ಇಂಗ್ಲಿಷ್ ದೇಶಗಳ ಪ್ರಜೆಗಳಿಗಾಗಿಯೇ ಇರುವುದು. 2010ರಲ್ಲಿ ಜಾರಿಗೆ ಬಂದ ಭಾರತ–ಕೊರಿಯ ಒಪ್ಪಂದವು ಅರ್ಹ ಭಾರತೀಯರಿಗೆ ಸಹಾಯಕ ಶಿಕ್ಷಕರಾಗುವ ಕಿರಿದಾದ ಬಾಗಿಲೊಂದನ್ನು ತೆರೆಯಿತು. ಇಂಗ್ಲೆಂಡು 2023ರ ಫೆಬ್ರವರಿಯಲ್ಲಿ ಭಾರತದ ಅಧ್ಯಾಪಕರಿಗೂ ತನ್ನ ಶಿಕ್ಷಕ ಮಾನ್ಯತೆಗೆ ಅರ್ಜಿ ಹಾಕಲು ಅವಕಾಶ ಕೊಟ್ಟಿತು. ಆದರೆ ಗಣಿತ, ವಿಜ್ಞಾನ ಮತ್ತು ಪರಭಾಷೆಗಳನ್ನು ಕಲಿಸುವವರಿಗೆ ಮಾತ್ರ. ಇಂಗ್ಲಿಷ್ ಅಧ್ಯಾಪಕರು ಆ ಪಟ್ಟಿಯಲ್ಲಿ ಇರಲಿಲ್ಲ. ಇದರಿಂದ ನೊಂದುಕೊಳ್ಳಬೇಕಾಗಿಲ್ಲ, ಯೋಜನೆ ಹಾಕುವಾಗ ತಿಳಿದಿರಬೇಕು, ಅಷ್ಟೆ.

ಎಲ್ಲಿಯೇ ಇರಲಿ, ಅಧ್ಯಾಪಕನ ಸ್ವಂತ ಇಂಗ್ಲಿಷ್ ತುಕ್ಕು ಹಿಡಿಯದಂತೆ ನೋಡಿಕೊಳ್ಳುವುದು ದಿನನಿತ್ಯದ ಕೆಲಸ. ವರ್ಷವಿಡೀ ಎಂಟನೆಯ ತರಗತಿಯ ಪಠ್ಯವನ್ನೇ ಓದುವವನ ಭಾಷೆ ಎಂಟನೆಯ ತರಗತಿಗೇ ಇಳಿಯುತ್ತದೆ. ದಿನಕ್ಕೊಂದು ಸಂಪಾದಕೀಯವನ್ನು ಗಟ್ಟಿಯಾಗಿ ಓದಿ ದೂರವಾಣಿಯಲ್ಲಿ ಮುದ್ರಿಸಿ ಕೇಳುವುದು, ವಾರಕ್ಕೊಂದು ಪುಟ ಬರೆದು ಮತ್ತೊಬ್ಬ ಅಧ್ಯಾಪಕರಿಗೆ ತೋರಿಸುವುದು, ಇಷ್ಟಾದರೂ ನಡೆಯಬೇಕು. ಎ.ಎಸ್. ಹಾರ್ನ್‌ಬಿಯವರ ಪ್ರಸಿದ್ಧ ನಿಘಂಟು ಮೊದಲು ಹೊರಬಂದುದು 1942ರಲ್ಲಿ ಟೋಕಿಯೋದಲ್ಲಿ; ಅದು ಜಪಾನಿನಲ್ಲಿ ಕಲಿಸಿದ ಅನುಭವದಿಂದ, ಇಂಗ್ಲಿಷ್ ಮನೆಮಾತಲ್ಲದ ಕಲಿಕೆಗಾರರಿಗಾಗಿ ರಚಿತವಾದುದು. ಇಂದು ಆಕ್ಸ್‌ಫರ್ಡ್ ಹೆಸರಿನಲ್ಲಿ ಸಿಗುವ ಆ ನಿಘಂಟು ಅಧ್ಯಾಪಕನ ಮೇಜಿನ ಮೇಲೆ ಸದಾ ತೆರೆದಿರಲಿ.

ಜೊತೆಗೆ ಒಂದು ನೋಟು ಪುಸ್ತಕವೂ ಇರಲಿ. ಮಕ್ಕಳು ಮಾಡುವ ತಪ್ಪುಗಳನ್ನು ಅವರ ಹೆಸರಿಲ್ಲದೆ, ಮನೆಮಾತನ್ನು ಮಾತ್ರ ಗುರುತಿಸಿ ಬರೆದಿಡುವುದು: ಇದು ತುಳುವಿನಿಂದ ಬಂದುದು, ಇದು ಕನ್ನಡದಿಂದ, ಇದು ಬರಿಯ ಅವಸರದಿಂದ. ಮೂರು ವರ್ಷಗಳಲ್ಲಿ ಅದು ನೂರು ಪುಟದ ಅಧ್ಯಯನ ಸಾಮಗ್ರಿಯಾಗುತ್ತದೆ. 1974ರಲ್ಲಿ ಮದ್ರಾಸಿನಲ್ಲಿ ಸ್ಥಾಪಿತವಾದ ಭಾರತೀಯ ಇಂಗ್ಲಿಷ್ ಅಧ್ಯಾಪಕರ ಸಂಘದ ಸಮ್ಮೇಳನಗಳಲ್ಲಿ ಶಾಲಾ ಅಧ್ಯಾಪಕರೂ ಪ್ರಬಂಧ ಮಂಡಿಸುತ್ತಾರೆ. ಅಲ್ಲಿಗೆ ಕೊಂಡೊಯ್ಯಲು ಇದಕ್ಕಿಂತ ಒಳ್ಳೆಯ ವಿಷಯ ಬೇಕಾಗಿಲ್ಲ. ಅದರ ಒಂದು ಪ್ರತಿಯನ್ನು ನಮ್ಮ ಶಾಲೆಯ ಗ್ರಂಥಾಲಯಕ್ಕೆ ಕೊಟ್ಟರೆ, ಬರುವ ಜೂನ್ ತಿಂಗಳಲ್ಲಿ ಹೊಸದಾಗಿ ಸೇರುವ ಅಧ್ಯಾಪಕರು ಮೊದಲ ದಿನವೇ ಅದನ್ನು ತೆರೆದು ನೋಡಬಹುದು.